ಕುರಿಗೆ ಬೆಲೆಯಿದೆ, ತುಪ್ಪಟಕ್ಕೇಕಿಲ್ಲ?

ಸರ್ಕಾರದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಗೊಂದಲವಾಗುವುದು ಸಹಜ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಕುರಿಗಳು ಸುಮಾರು 6.5 ಕೋಟಿ. 2019ರ ಗಣತಿಯ ಹೊತ್ತಿಗೆ ಅವು 7.43 ಕೋಟಿಗೆ ಏರಿದವು, ಅಂದರೆ ಶೇ 14ರಷ್ಟು ಹೆಚ್ಚಳ. ಕರ್ನಾಟಕದಲ್ಲೂ 96 ಲಕ್ಷದ ಆಸುಪಾಸಿನಲ್ಲಿದ್ದ ಕುರಿಗಳು 1.11 ಕೋಟಿಯಾದವು. ಆದರೆ ದೇಶದ ಉಣ್ಣೆ ಉತ್ಪಾದನೆ ಒಟ್ಟಾರೆ ಇಳಿದಿದೆ. 2014-15ರಲ್ಲಿ ಅದು 4.81 ಕೋಟಿ ಕಿಲೊ ಇತ್ತು, 2022-23ರಲ್ಲಿ 3.36 ಕೋಟಿ ಕಿಲೊ. ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆ ಕುರಿಗಾಹಿಗಳು ಕತ್ತರಿಸಿದ ಉಣ್ಣೆಯನ್ನು ಹೊಲದ ಬದುವಿನಲ್ಲೇ ಬಿಟ್ಟು ಮುಂದಿನ ಊರಿಗೆ ಹೊರಡುತ್ತಾರೆ. ಅತ್ತ ದೇಶ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಉಣ್ಣೆ ತರಿಸಿಕೊಳ್ಳುತ್ತಲೇ ಇದೆ.

ಕುರಿ ಹೆಚ್ಚಾದರೆ ಉಣ್ಣೆಯೂ ಹೆಚ್ಚಾಗಬೇಕಲ್ಲವೇ? ಇಲ್ಲೇ ಇರುವ ಉಣ್ಣೆಯನ್ನು ಚೆಲ್ಲಿ ಹೊರಗಿನದನ್ನು ಕೊಳ್ಳುವುದೇಕೆ? ಕುರಿಗಾಹಿಗೆ ಉಣ್ಣೆಯ ಬೆಲೆ ಗೊತ್ತಿಲ್ಲ ಎಂದೋ, ದಲ್ಲಾಳಿಗಳು ಮೋಸ ಮಾಡುತ್ತಿದ್ದಾರೆ ಎಂದೋ ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ವಿಷಯ ಅಷ್ಟು ಸರಳವಾಗಿಲ್ಲ.

ಹೆಚ್ಚಿದ್ದು ಯಾವ ಕುರಿ?

ಕುರಿ ಎಂದ ಮಾತ್ರಕ್ಕೆ ಉಣ್ಣೆ ಇರಲೇಬೇಕೆಂದಿಲ್ಲ. ದಕ್ಷಿಣ ಭಾರತದ ಹಲವು ತಳಿಗಳ ಮೈಮೇಲೆ ಮೇಕೆಗಿರುವಂಥ ಗಿಡ್ಡ ಕೂದಲಷ್ಟೇ ಇರುತ್ತದೆ. ನೆಲ್ಲೂರು ಕುರಿ ಇದಕ್ಕೆ ಸ್ಪಷ್ಟ ಉದಾಹರಣೆ. ನಮ್ಮ ಬನ್ನೂರು ಕುರಿಯನ್ನು ಸಾಕುವುದು ಮಾಂಸಕ್ಕೆ. ಕೆಂಗುರಿ, ಯಳಗ ತಳಿಗಳಲ್ಲೂ ಉಣ್ಣೆ ಹೇಳಿಕೊಳ್ಳುವಷ್ಟಿಲ್ಲ. ಮೈತುಂಬ ತುಪ್ಪಟ, ಅಂದರೆ ದಟ್ಟ ಉಣ್ಣೆ, ಹೊತ್ತ ನಮ್ಮ ಕಡೆಯ ಕುರಿ ಎಂದರೆ ಡೆಕ್ಕನಿ ಮತ್ತು ಬಳ್ಳಾರಿ.

2012ರಿಂದ 2019ರ ನಡುವೆ ಕುರಿಗಳು ಅತಿ ಹೆಚ್ಚು ಏರಿದ್ದು ತೆಲಂಗಾಣದಲ್ಲಿ, ಶೇ 48ಕ್ಕೂ ಹೆಚ್ಚು. 2017ರಲ್ಲಿ ಅಲ್ಲಿನ ಸರ್ಕಾರ ಕುರಿಗಾರ ಕುಟುಂಬಗಳಿಗೆ ತಲಾ 20 ಹೆಣ್ಣು ಕುರಿ ಮತ್ತು ಒಂದು ಟಗರನ್ನು ಸಬ್ಸಿಡಿಯಲ್ಲಿ ಹಂಚಿತು. ಹಂಚುವುದಕ್ಕೆ ನೆರೆರಾಜ್ಯಗಳಿಂದಲೂ ಕುರಿ ತಂದರು. ಆಂಧ್ರದಲ್ಲಿ ಏರಿಕೆ ಶೇ 30ರಷ್ಟು. ಇವೆರಡೂ ಮುಖ್ಯವಾಗಿ ಕೂದಲಿನ, ಮಾಂಸದ ಕುರಿಗಳ ಸೀಮೆ. ದೇಶದ ಉಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕೊಡುವ ರಾಜಸ್ಥಾನದಲ್ಲಿ ಅದೇ ಅವಧಿಯಲ್ಲಿ ಕುರಿಗಳು ಶೇ 13ರಷ್ಟು ಇಳಿದವು. ಹೀಗಾಗಿ ಒಟ್ಟು ಲೆಕ್ಕದಲ್ಲಿ ಕುರಿ ಏರಿತು, ಉಣ್ಣೆ ಇಳಿಯಿತು. ಅಂಕಿಗಳಲ್ಲಿ ತಪ್ಪಿಲ್ಲ, ಎರಡೂ ನಿಜ.

ಇದರ ಹಿಂದಿರುವುದು ಮಾಂಸದ ಬೆಲೆ. ನಗರಗಳಲ್ಲಿ ಮಟನ್ ಕಿಲೊಗೆ 700 ರೂಪಾಯಿ ದಾಟಿದೆ. ಅಮೀನಗಡ, ಕೆರೂರು, ಶಿರಾದ ಸಂತೆಗಳಲ್ಲಿ ವ್ಯಾಪಾರಿ ನೋಡುವುದು ಕುರಿಯ ಎತ್ತರ, ಉದ್ದ, ತೊಡೆಯ ತುಂಬು. ದಪ್ಪ ತುಪ್ಪಟವಿದ್ದರೆ ಬೆನ್ನಿನ ಮೇಲೆ ಮಾಂಸ ಎಷ್ಟಿದೆ ಎಂದು ಕೈಯಿಟ್ಟು ನೋಡಲೂ ಅಡ್ಡಿ. ಇಂಥ ಸಂತೆಗೆ ಮಾರಲು ಸಾಕುವವನು ಹಿಂಡಿಗೆ ಟಗರು ಆರಿಸುವಾಗ ಉಣ್ಣೆ ಕಡಿಮೆ ಇರುವುದನ್ನೇ ಆರಿಸುತ್ತಾನೆ. ಕೆಲವು ಸೂಲು ಕಳೆಯುವಷ್ಟರಲ್ಲಿ ಹಿಂಡಿನ ಬಣ್ಣ, ಮೈಕಟ್ಟು, ಕೂದಲು ಎಲ್ಲವೂ ಬದಲಾಗಿರುತ್ತವೆ.

ಕತ್ತರಿಸದೆ ಬಿಡುವಂತಿಲ್ಲ

ಉಣ್ಣೆಗೆ ಬೆಲೆಯಿಲ್ಲದಿದ್ದರೆ ಕತ್ತರಿಸದೆ ಬಿಟ್ಟರಾಯಿತು ಎನಿಸಬಹುದು. ಅದಾಗದು. ತುಪ್ಪಟ ಬೆಳೆದ ಹಾಗೆ ಅದರೊಳಗೆ ರಕ್ತ ಹೀರುವ ಉಣ್ಣಿ, ಹೇನು ಸೇರುತ್ತವೆ. ಮಳೆಯಲ್ಲಿ ನೆನೆದು ಬೇಗ ಆರುವುದಿಲ್ಲ. ಬಾಲದ ಸುತ್ತ ಹಿಕ್ಕೆ, ಮೂತ್ರ ಅಂಟಿ ಕೊಳೆತರೆ ನೊಣ ಮೊಟ್ಟೆಯಿಟ್ಟು ಚರ್ಮದಲ್ಲಿ ಹುಳ ಬೀಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹತ್ತಾರು ಕಿಲೊಮೀಟರ್ ನಡೆಯುವ ಕುರಿ ಬಿಸಿಲಿಗೆ ಬಳಲುತ್ತದೆ. ಮುಳ್ಳುಕಂಟಿಗೆ ತುಪ್ಪಟ ಸಿಕ್ಕಿ ಗಾಯವಾಗುವುದೂ ಉಂಟು. ಅದಕ್ಕೇ ಡೆಕ್ಕನಿ ಕುರಿಗೆ ವರ್ಷಕ್ಕೆ ಎರಡು ಸಲವಾದರೂ ಕತ್ತರಿ ಹಾಕಲೇಬೇಕು.

ಖರ್ಚಿನ ಅಂದಾಜಿಗಾಗಿ ನೂರು ಕುರಿಯ ಒಂದು ಹಿಂಡನ್ನು ತೆಗೆದುಕೊಳ್ಳೋಣ. ಒಂದು ಕತ್ತರಿಗೆ ಕುರಿಯೊಂದಕ್ಕೆ 350 ಗ್ರಾಂ ಸಿಕ್ಕಿತೆಂದರೆ ಒಟ್ಟು 35 ಕಿಲೊ. ಕತ್ತರಿಸುವವರ ಕೂಲಿ ಕುರಿಗೆ 20 ರೂಪಾಯಿ ಎಂದು ಹಿಡಿದರೆ 2,000 ರೂಪಾಯಿ. ಉಣ್ಣೆ ಕಿಲೊಗೆ 10 ರೂಪಾಯಿಗೆ ಹೋದರೆ ಬರುವುದು 350. ಕೈಯಿಂದ ಹೋಗುವುದು 1,650. ಕೂಲಿಯಷ್ಟಾದರೂ ಹುಟ್ಟಬೇಕಾದರೆ ಉಣ್ಣೆ ಕಿಲೊಗೆ 57 ರೂಪಾಯಿಗೆ ಮಾರಾಟವಾಗಬೇಕು. ಕೂಲಿಯೂ ಬೆಲೆಯೂ ಊರಿಂದೂರಿಗೆ ಬೇರೆಯಾದಾವು, ಆದರೆ ಲೆಕ್ಕ ತಿರುಗುವ ದಿಕ್ಕು ಇದೇ. ಹಿಂದೆ ಕತ್ತರಿಸುವವರು ಕೂಲಿಯ ಬದಲಿಗೆ ಉಣ್ಣೆಯನ್ನೇ ಒಯ್ಯುತ್ತಿದ್ದ ಪದ್ಧತಿ ಇತ್ತು. ಈಗ ಅವರಿಗೂ ಅದು ಬೇಡವಾಗಿದೆ.

ಒಂದು ಮರಿ ಮಾರಿದರೆ ಈ ನಷ್ಟ ಪೂರ್ತಿ ಮುಚ್ಚಿಹೋಗುತ್ತದೆ. ಹೀಗಿರುವಾಗ 35 ಕಿಲೊ ಉಣ್ಣೆಯನ್ನು ಚೀಲ ತುಂಬಿ, ಕುದುರೆ ಅಥವಾ ಟೆಂಪೊ ಮೇಲೆ ಹೇರಿಕೊಂಡು, ಕೊಳ್ಳುವವರನ್ನು ಹುಡುಕುತ್ತ ಹೋಗುವುದು ಅಲೆಮಾರಿ ಕುರಿಗಾಹಿಗೆ ಬೇಡದ ಭಾರ. ಬದುವಿನಲ್ಲಿ ಬಿಟ್ಟು ಹೋಗುವುದು ಅಜ್ಞಾನವಲ್ಲ, ಸರಿಯಾದ ಲೆಕ್ಕಾಚಾರ.

ಕರಿ ಉಣ್ಣೆ ಕಾರ್ಪೆಟ್‌ಗೂ ಬೇಡ, ಸ್ವೆಟರ್‌ಗೂ ಬೇಡ

ಉಣ್ಣೆಯ ದರ್ಜೆ ನಿರ್ಧಾರವಾಗುವುದು ಮುಖ್ಯವಾಗಿ ಎಳೆಯ ದಪ್ಪದಿಂದ. ಅದನ್ನು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ, ಲೆಕ್ಕದಲ್ಲಿ ಅಳೆಯುತ್ತಾರೆ. ನವುರು ಉಣ್ಣೆಗೆ ಹೆಸರಾದ ಮೆರಿನೊ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ. 30 ಮೈಕ್ರಾನ್ ದಾಟಿದ ಎಳೆ ಚರ್ಮಕ್ಕೆ ತಾಗಿದರೆ ಬಾಗದೆ ಚುಚ್ಚುತ್ತದೆ. ಉಣ್ಣೆ ಬಟ್ಟೆ ಮೈ ಕಡಿಯುತ್ತದೆ ಎನ್ನುವುದು ಇದರಿಂದಲೇ. ಡೆಕ್ಕನಿ ಉಣ್ಣೆಯ ಎಳೆಗಳು ಬಹುಪಾಲು ಇದಕ್ಕಿಂತ ದಪ್ಪ. ಜೊತೆಗೆ ಅನೇಕ ಎಳೆಗಳು ಹುಲ್ಲುಕಡ್ಡಿಯಂತೆ ಒಳಗೆ ಟೊಳ್ಳು. ಟೊಳ್ಳು ಎಳೆ ಬೇಗ ಮುರಿಯುತ್ತದೆ, ಬಣ್ಣವನ್ನೂ ಸರಿಯಾಗಿ ಹಿಡಿಯುವುದಿಲ್ಲ.

ಭಾರತದ ಉಣ್ಣೆಯಲ್ಲಿ ಶೇ 85ರಷ್ಟು ಕಾರ್ಪೆಟ್ ದರ್ಜೆಯದು, ಶೇ 5ರಷ್ಟು ಮಾತ್ರ ಉಡುಪಿಗೆ ಆಗುವಂಥದ್ದು, ಉಳಿದ ಶೇ 10 ಕಂಬಳಿಗೆ ಹೋಗುವ ಒರಟು ಉಣ್ಣೆ ಎಂಬುದು ಜವಳಿ ಸಚಿವಾಲಯದ ಲೆಕ್ಕ. ಒರಟಾದರೂ ಬಿಳಿಯಾಗಿದ್ದರೆ ಕಾರ್ಪೆಟ್ ನೂಲಿನವರು ಕೊಳ್ಳುತ್ತಾರೆ. ಬಿಕಾನೇರಿನ ಮಾರುಕಟ್ಟೆ, ಭದೋಹಿ ಮತ್ತು ಮಿರ್ಜಾಪುರದ ಮಗ್ಗಗಳು ನಡೆಯುವುದೇ ಬೇಕಾದ ಬಣ್ಣ ಹಾಕಬಹುದಾದ ಬಿಳಿ ಉಣ್ಣೆಯಿಂದ. ಡೆಕ್ಕನಿ ಉಣ್ಣೆ ಹೆಚ್ಚಾಗಿ ಕಪ್ಪು, ಇಲ್ಲವೇ ಕಪ್ಪು-ಬಿಳಿ ಬೆರಕೆ. ಅದಕ್ಕೆ ಬೇರೆ ಬಣ್ಣ ಕಟ್ಟುವಂತಿಲ್ಲ. ಅಷ್ಟು ದೂರ ಸಾಗಿಸುವ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ.

ಈ ಉಣ್ಣೆಗೆ ಹೇಳಿ ಮಾಡಿಸಿದ ಬಳಕೆ ಒಂದೇ ಇತ್ತು, ಅದು ಕಂಬಳಿ. ಬಣ್ಣ ಹಾಕದೆಯೇ ಕಪ್ಪು, ಒರಟಾದ್ದರಿಂದ ಗಟ್ಟಿ, ನೆನೆದರೂ ಮೈ ಬೆಚ್ಚಗಿಡುವ ಗುಣ. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ನಿಲ್ಲುವವನಿಗೆ ಮೆರಿನೊ ನವುರು ಬೇಕಿರಲಿಲ್ಲ.

ಕಂಬಳಿಯ ಸರಪಳಿ ತುಂಡಾದ ಬಗೆ

ಎರಡೂವರೆ ಕಿಲೊ ತೂಗುವ ಒಂದು ಕಂಬಳಿಗೆ, ಕಸ ಕಡ್ಡಿ ಧೂಳು ಕಳೆಯುವುದನ್ನೂ ಸೇರಿಸಿದರೆ, ಮೂರೂವರೆ ಕಿಲೊ ಹಸಿ ಉಣ್ಣೆ ಬೇಕಾದೀತು. ಅಂದರೆ ಒಂದು ಸಲ ಕತ್ತರಿಸಿದ ಹತ್ತು ಕುರಿಯ ಉಣ್ಣೆ. ಮೊದಲು ಬಣ್ಣದ ಪ್ರಕಾರ ಬೇರ್ಪಡಿಸಬೇಕು. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು, ಅದನ್ನು ಪ್ರತ್ಯೇಕ ಇಡುತ್ತಾರೆ. ಆಮೇಲೆ ಬಿಲ್ಲಿನಿಂದ ಹಿಂಜಿ ಎಳೆ ಬಿಡಿಸಬೇಕು, ಹೆಂಗಸರು ರಾಟೆಯಲ್ಲಿ ನೂಲಬೇಕು. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲಿಗೆ, ಹುಣಸೆ ಬೀಜದ ಗಂಜಿ ಹಚ್ಚಬೇಕು. ಬೀಜದ ಸಿಪ್ಪೆ ತೆಗೆದು, ನೆನೆಸಿ ಅರೆದು, ಕುದಿಸಿದ ಗಂಜಿಯನ್ನು ಕುಂಚದಿಂದ ಒಂದೇ ದಿಕ್ಕಿಗೆ ಎಳೆದರೆ ಜುಂಗು ಎದ್ದ ಎಳೆಗಳು ನೂಲಿಗೆ ಅಂಟಿ ಮಲಗುತ್ತವೆ. ಗಂಜಿ ತೆಳುವಾದರೆ ನೇಯುವಾಗ ನೂಲು ಪದೇ ಪದೇ ತುಂಡಾಗುತ್ತದೆ, ದಪ್ಪವಾದರೆ ಒಣಗಿದ ಮೇಲೆ ಸೆಟೆದು ಮುರಿಯುತ್ತದೆ. ಗುಂಡಿ ಮಗ್ಗದಲ್ಲಿ ನೇಯ್ದ ಮೇಲೆ ನೀರಿನಲ್ಲಿ ತುಳಿದು ಒಗೆದಾಗ ನೇಯ್ಗೆ ಕೂಡಿಕೊಂಡು ಸಂದುಗಳು ಮುಚ್ಚುತ್ತವೆ. ನೀರು ಒಳಗಿಳಿಯದಂತೆ ತಡೆಯುವುದು ಈ ಕೊನೆಯ ಹಂತವೇ.

ಇಷ್ಟರಲ್ಲಿ ಹೆಚ್ಚು ದಿನ ಹಿಡಿಯುವುದು ನೂಲುವುದು. ಒಂದು ಮಗ್ಗ ತಡೆಯಿಲ್ಲದೆ ಓಡಬೇಕಾದರೆ ಹಲವು ರಾಟೆ ತಿರುಗುತ್ತಿರಬೇಕು. ನೂಲುವವರಿಗೆ ಸಿಗುವ ಕೂಲಿ ಹೊಲದ ಕೂಲಿಗಿಂತ ತೀರ ಕಡಿಮೆ. ಅಜ್ಜಿಯಂದಿರು ರಾಟೆ ಬಿಟ್ಟ ಮೇಲೆ ಸೊಸೆಯಂದಿರು ಹಿಡಿಯಲಿಲ್ಲ. ಹಿಂಜುವವರು, ನೂಲುವವರು ಇಲ್ಲವಾದಾಗ ಚಳ್ಳಕೆರೆ, ಮೆಡ್ಲೇರಿಯಂಥ ಕಂಬಳಿಯ ಊರುಗಳಲ್ಲೂ ಮಗ್ಗಗಳು ಕಡಿಮೆಯಾದವು, ಇಲ್ಲವೇ ಹೊರಗಿನಿಂದ ಬಂದ ಮಿಲ್ ನೂಲಿಗೆ ಹೊರಳಿದವು.

ಇನ್ನೊಂದು ತುದಿಯಲ್ಲಿ ಕೊಳ್ಳುವವರೂ ಬದಲಾದರು. ಹರಿಯಾಣದ ಪಾಣಿಪತ್‌ನಲ್ಲಿ ವಿದೇಶದ ಹಳೆ ಉಣ್ಣೆ ಬಟ್ಟೆಗಳನ್ನು ಹರಿದು, ಹಿಂಜಿ, ಮತ್ತೆ ನೂಲು ಮಾಡಿ ನೇಯ್ದ ಅಗ್ಗದ ರಗ್ಗುಗಳು ಮೊದಲು ಬಂದವು. ಅವನ್ನೂ ಹಿಂದಿಕ್ಕಿ ಪಾಲಿಯೆಸ್ಟರ್ ರಗ್ಗು ಬಂತು. ಹಗುರ, ಬಣ್ಣಬಣ್ಣದ್ದು, ಮೈಗೆ ಚುಚ್ಚುವುದಿಲ್ಲ, ಬೆಲೆ ಕಂಬಳಿಯ ಒಂದು ಪಾಲು. ಹೊಲದ ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಸಾಕಾಯಿತು. ಕಂಬಳಿ ಉಳಿದದ್ದು ಬೀರಪ್ಪ, ಮೈಲಾರಲಿಂಗನ ಗುಡಿಗಳಲ್ಲಿ, ಮದುವೆಯ ಗದ್ದುಗೆಯಲ್ಲಿ, ಸಭೆಗಳ ಸನ್ಮಾನದಲ್ಲಿ. ಹೆಗಲಿಗೆ ಹೊದಿಸುವ ಕಂಬಳಿ ಎಲ್ಲಿಯ ಉಣ್ಣೆಯದು ಎಂದು ಕೇಳುವ ರೂಢಿ ಸಭೆಗಳಲ್ಲಿ ಇನ್ನೂ ಬಂದಿಲ್ಲ, ಬರಬೇಕು.

ಆಮದು ನಿಲ್ಲಿಸಿದರೆ?

ಆಸ್ಟ್ರೇಲಿಯಾದ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಯಾದಾಗ ಉಣ್ಣೆಯ ಮೇಲಿದ್ದ ಆಮದು ಸುಂಕ ಹೋಯಿತು. ನಮ್ಮ ಕುರಿಗಾಹಿಗೆ ಪೆಟ್ಟು ಬಿದ್ದದ್ದು ಇದರಿಂದ ಎಂಬ ವಾದ ಕೇಳಿಬರುತ್ತದೆ. ಆದರೆ ಆ ನವುರು ಉಣ್ಣೆ ಹೋಗುವುದು ಲುಧಿಯಾನದಂಥ ಕಡೆಯ ಸ್ವೆಟರ್, ಸೂಟಿನ ಬಟ್ಟೆಗೆ. ಡೆಕ್ಕನಿ ಉಣ್ಣೆ ಆ ಯಂತ್ರಗಳಿಗೆ ಎಂದೂ ಹೋಗಿದ್ದಿಲ್ಲ. ಸುಂಕ ಮತ್ತೆ ಹಾಕಿದರೂ ಕೊಪ್ಪಳದ ಕರಿ ಉಣ್ಣೆಗೆ ಒಂದು ರೂಪಾಯಿ ಹೆಚ್ಚು ಸಿಗದು. ಅದಕ್ಕೆ ನಿಜವಾದ ಎದುರಾಳಿ ಪಾಲಿಯೆಸ್ಟರ್.

ಒರಟು ಉಣ್ಣೆಯ ಗೋಳು ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಬ್ರಿಟನ್ನಿನಲ್ಲೂ ಅನೇಕ ರೈತರಿಗೆ ಉಣ್ಣೆಯ ಹಣ ಕತ್ತರಿಸುವ ಕೂಲಿಗೆ ಸಾಲದು. 2020ರಲ್ಲಿ ಬೆಲೆ ಕುಸಿದಾಗ ಅಲ್ಲಿ ಉಣ್ಣೆಯನ್ನು ಸುಟ್ಟವರೂ ಗೊಬ್ಬರದ ಗುಂಡಿಗೆ ಹಾಕಿದವರೂ ಇದ್ದರು.

ಮೂರು ವಾದಗಳು

ಮೊದಲನೆಯದು, ಉಣ್ಣೆಯ ಕಾಲ ಮುಗಿಯಿತು, ಮಾಂಸದ ಕುರಿಯತ್ತಲೇ ಹೋಗೋಣ ಎಂಬುದು. ಅವಳಿ ಮರಿ ಹಾಕುವ ನಾರಿ ಸುವರ್ಣದಂಥ ತಳಿಗಳನ್ನು ಪ್ರೋತ್ಸಾಹಿಸುವವರ ಮಾತು ಇದು. ಆದಾಯದ ದೃಷ್ಟಿಯಿಂದ ಈ ವಾದಕ್ಕೆ ಬಲವಿದೆ. ಕೊಟ್ಟಿಗೆಯಲ್ಲಿ ಮೇವು, ಹಿಂಡಿ ಹಾಕಿ ಸಾಕುವವರಿಗೆ ಅದು ಸರಿಯೂ ಹೌದು. ಆದರೆ ಅವಳಿ ಮರಿಗೆ ತಾಯಿಯ ಹಾಲು ಸಾಲಬೇಕು, ತಾಯಿಗೆ ಮೇವು ಸಾಲಬೇಕು. ವರ್ಷದಲ್ಲಿ ಎಂಟು-ಒಂಬತ್ತು ತಿಂಗಳು ನಡೆಯುವ ಹಿಂಡಿನಲ್ಲಿ ಎರಡು ಎಳೆ ಮರಿಗಳನ್ನು ಉಳಿಸಿಕೊಳ್ಳುವುದು ಕಷ್ಟ. ಡೆಕ್ಕನಿ ಕುರಿ ಒಣ ಸೀಮೆಯ ನಡಿಗೆಗೆ, ಕೂಳೆ ಮೇವಿಗೆ, ಹಗಲ ಬಿಸಿಲು ಮತ್ತು ಇರುಳ ಚಳಿಗೆ ಒಗ್ಗಿದ ತಳಿ. ಹದವಾಗಿ ಕತ್ತರಿಸಿಟ್ಟರೆ ಅದರ ತುಪ್ಪಟ ಎರಡಕ್ಕೂ ತಡೆ.

ಎರಡನೆಯದು ತಳಿ ಸುಧಾರಿಸಿ ನವುರು ಉಣ್ಣೆ ಬೆಳೆಯೋಣ ಎಂಬುದು. ಮೆರಿನೊ, ರಾಂಬುಲೆ ಟಗರುಗಳ ಜೊತೆ ಮಿಶ್ರತಳಿ ಮಾಡುವ ಪ್ರಯತ್ನ ದಖನ್ ಸೀಮೆಯಲ್ಲಿ ಹಿಂದೆಯೇ ಆಗಿದೆ. ಕೊಡೈಕೆನಾಲ್ ಬಳಿಯ ಮನ್ನವನೂರಿನ ಕೇಂದ್ರದಲ್ಲಿ ಭಾರತ್ ಮೆರಿನೊ ಉಳಿದಿರುವುದು ಅಲ್ಲಿನ ತಂಪು ಮತ್ತು ಹುಲ್ಲಿನಿಂದ. ಬಯಲು ಸೀಮೆಯ ಬಿಸಿಲಿನಲ್ಲಿ ಮಿಶ್ರತಳಿ ಕುರಿ ಬೇಗ ದಣಿಯುತ್ತದೆ, ರೋಗಕ್ಕೆ ಬೀಳುತ್ತದೆ. ಉಣ್ಣೆ ಸ್ವಲ್ಪ ಸಣ್ಣದಾದರೂ ಕಂಬಳಿಗೆ ಬೇಕಾದ ಕಪ್ಪು ಹೋಗುತ್ತದೆ, ಸ್ವೆಟರ್‌ಗೆ ಬೇಕಾದ ನವುರು ಬರುವುದಿಲ್ಲ. ಈ ದಾರಿಯನ್ನು ಮತ್ತೆ ಹಿಡಿಯುವುದು ಹಣ ಮತ್ತು ತಳಿ ಎರಡನ್ನೂ ಕಳೆದುಕೊಂಡಂತೆ.

ಮೂರನೆಯದು ಬೆಂಬಲ ಬೆಲೆ. ಸರ್ಕಾರವೇ ಉಣ್ಣೆ ಕೊಳ್ಳಲಿ ಎಂಬ ಬೇಡಿಕೆ ನ್ಯಾಯವಾದದ್ದು. ಹಿಮಾಚಲದಲ್ಲಿ ಉಣ್ಣೆ ಒಕ್ಕೂಟ ಗದ್ದಿ ಕುರಿಗಾಹಿಗಳಿಂದ ನೇರವಾಗಿ ಕೊಳ್ಳುತ್ತದೆ. ಆದರೆ ಕೊಂಡ ಉಣ್ಣೆಯನ್ನು ತೊಳೆದು, ಹಿಂಜಿ, ಯಾರಿಗೋ ಮಾರುವ ವ್ಯವಸ್ಥೆ ಇಲ್ಲದಿದ್ದರೆ ಗೋದಾಮಿನಲ್ಲಿ ನುಸಿ ತಿನ್ನುತ್ತದೆ. ಮರುವರ್ಷ ಖರೀದಿ ನಿಲ್ಲುತ್ತದೆ. ಬೆಂಬಲ ಬೆಲೆ ಮೊದಲ ಹೆಜ್ಜೆಯಾಗಲಾರದು, ಎರಡನೆಯದಾಗಬಹುದು.

ಹಿಂಡಿನ ಬಳಿಯೇ ಆಗಬೇಕಾದದ್ದು

ನಡುವಿನ ಮೂರು ಕೆಲಸ, ಅಂದರೆ ವಿಂಗಡಣೆ, ತೊಳೆಯುವುದು ಮತ್ತು ಹಿಂಜುವುದು, ಇಲ್ಲವಾದದ್ದೇ ಉಣ್ಣೆ ಕಸವಾಗಲು ಕಾರಣ. ಹಾಗಾಗಿ ಸರಿಪಡಿಸುವುದೂ ಅಲ್ಲಿಂದಲೇ ಶುರುವಾಗಬೇಕು.

ಕತ್ತರಿಸುವ ಮೊದಲು ಕುರಿಗಳನ್ನು ಹಳ್ಳ ಅಥವಾ ಹೊಂಡದಲ್ಲಿ ಈಜಿಸಿ ತೊಳೆದು, ಪೂರ್ತಿ ಒಣಗಲು ಬಿಡಬೇಕು. ಒಣಗದೆ ಕತ್ತರಿಸಿ ಚೀಲ ತುಂಬಿದ ಉಣ್ಣೆ ಬಿಸಿಯೇರಿ, ಮುಗ್ಗು ಹಿಡಿದು, ಗಂಟುಕಟ್ಟುತ್ತದೆ. ಕತ್ತರಿಯನ್ನು ಚರ್ಮಕ್ಕೆ ಹತ್ತಿರವಿಟ್ಟು ಒಂದೇ ಸಲಕ್ಕೆ ಕತ್ತರಿಸಬೇಕು. ಮೇಲೊಮ್ಮೆ ಕತ್ತರಿಸಿ, ಉಳಿದದ್ದನ್ನು ಮತ್ತೊಮ್ಮೆ ಕತ್ತರಿಸಿದರೆ ಬರುವ ತುಂಡು ಎಳೆಗಳು ನೂಲಿನಲ್ಲಿ ನಿಲ್ಲದೆ ಉದುರುತ್ತವೆ. ಹೊಟ್ಟೆ, ಕಾಲು, ಬಾಲದ ಉಣ್ಣೆಯನ್ನು ಬೇರೆ ಇಡಬೇಕು. ಕಪ್ಪು, ಬಿಳಿ, ಕಂದು ಮತ್ತು ಮರಿ ಉಣ್ಣೆಗೆ ಬೇರೆ ಬೇರೆ ಚೀಲ. ಒಮ್ಮೆ ಬೆರೆತರೆ ಮತ್ತೆ ಬೇರ್ಪಡಿಸುವ ಕೂಲಿ ಉಣ್ಣೆಯ ಬೆಲೆಗಿಂತ ಹೆಚ್ಚಾಗುತ್ತದೆ.

ಸಣ್ಣದಾಗಿ ಕಾಣುವ ಎರಡು ತಪ್ಪುಗಳು ಇಡೀ ಚೀಲವನ್ನೇ ಕೆಡಿಸುತ್ತವೆ. ಒಂದು, ಹಿಂಡಿನ ಗುರುತಿಗೆ ಬೆನ್ನಿನ ಮೇಲೆ ಬಳಿಯುವ ಎಣ್ಣೆ ಬಣ್ಣ. ಅದು ಸಾಬೂನಿಗೂ ಹೋಗುವುದಿಲ್ಲ. ಗುರುತನ್ನು ಕೊಂಬಿಗೋ ಕಿವಿಗೋ ಹಾಕಬೇಕು. ಇನ್ನೊಂದು, ಗೊಬ್ಬರದ ಹಳೆ ಪ್ಲಾಸ್ಟಿಕ್ ಚೀಲ. ಅದರ ದಾರಗಳು ಬಿಚ್ಚಿ ಉಣ್ಣೆಯೊಳಗೆ ಸೇರಿದರೆ ಹಿಂಜುವ ಯಂತ್ರದಲ್ಲೂ ಬೇರೆಯಾಗದೆ ನೂಲಿನುದ್ದಕ್ಕೂ ಉಳಿಯುತ್ತವೆ. ದಾರ ಬಿಚ್ಚದ ಹತ್ತಿಬಟ್ಟೆಯ ಚೀಲವೇ ಸರಿ.

ತೊಳೆಯುವುದಕ್ಕೆ ಬಿಸಿನೀರು, ಸಾಬೂನು ಬೇಕು. ಬಿಸಿನೀರಿನಲ್ಲಿ ಉಜ್ಜಾಡಿದರೆ ಅಥವಾ ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗುತ್ತವೆ. ಆದ್ದರಿಂದ ಮುಳುಗಿಸಿ, ಅಲುಗಿಸದೆ ಬಿಟ್ಟು, ಎತ್ತಬೇಕು. ಹತ್ತಾರು ಹಿಂಡುಗಳು ಹಾದುಹೋಗುವ ಕಡೆ ಒಂದು ತೊಟ್ಟಿ, ಒಂದು ಹಿಂಜುವ ಯಂತ್ರ, ಕೊಳಕು ನೀರು ಇಂಗುವ ಗುಂಡಿ ಇದ್ದರೆ ಸಾಕು, ಭಾರೀ ಕಾರ್ಖಾನೆ ಬೇಕಿಲ್ಲ. ಮಿಲ್‌ಗಳಂತೆ ಇಲ್ಲಿ ಉಣ್ಣೆಯ ಜಿಡ್ಡಿನಿಂದ ಲ್ಯಾನೊಲಿನ್ ಎಂಬ ಮೇಣ ತೆಗೆದು ಲಾಭ ಮಾಡುವ ಆಸೆ ಬೇಡ, ಡೆಕ್ಕನಿ ಉಣ್ಣೆಯಲ್ಲಿ ಜಿಡ್ಡು ಕಡಿಮೆ.

ಹಿಂಜಿದ ಉಣ್ಣೆ ಕಂಬಳಿಗೆ ಮಾತ್ರವಲ್ಲ, ನೇಯದೆ ಒತ್ತಿ ಮಾಡುವ ಜಮಖಾನೆಗೆ, ಹಾಸಿಗೆಗೆ, ಚಾವಣಿಯ ಶಾಖ ತಡೆಯುವ ಪದರಕ್ಕೆ, ಸದ್ದು ತಡೆಯುವ ಫಲಕಕ್ಕೂ ಆಗುತ್ತದೆ. ಇವಕ್ಕೆ ನೂಲುವ ಕೆಲಸವೇ ಇಲ್ಲ, ಅದೇ ದೊಡ್ಡ ಅನುಕೂಲ. ಹೊಟ್ಟೆ, ಬಾಲದ ಕಳಪೆ ಉಣ್ಣೆ ಗೊಬ್ಬರಕ್ಕೆ. ಉಣ್ಣೆಯ ಪ್ರೋಟೀನಿನಲ್ಲಿ ಶೇ 16ರಷ್ಟು ಸಾರಜನಕವಿದೆ. ಆದರೆ ಅದು ಕರಗುವುದು ತಿಂಗಳುಗಟ್ಟಲೆ, ಹಾಗಾಗಿ ದಾಳಿಂಬೆ, ತೆಂಗಿನಂಥ ಬಹುವಾರ್ಷಿಕ ಗಿಡದ ಬುಡಕ್ಕೆ ಸರಿ, ಮೂರು ತಿಂಗಳ ಪೈರಿಗಲ್ಲ. ಹಸಿ ಉಣ್ಣೆಯನ್ನು ಹಾಗೇ ಹಾಕಿದರೆ ಅದರಲ್ಲಿ ಸಿಕ್ಕಿಕೊಂಡ ಉತ್ತರಾಣಿ, ನೆಗ್ಗಿಲು ಬೀಜಗಳು ತೋಟದಲ್ಲಿ ಮೊಳೆಯುತ್ತವೆ. ಮೊದಲು ಮಣ್ಣು, ಸಗಣಿಯ ಜೊತೆ ಗುಂಡಿಯಲ್ಲಿ ಚೆನ್ನಾಗಿ ಬಿಸಿಯೇರಿ ಕೊಳೆಯಬೇಕು.

ಕಿಲೊಗೆ 57 ರೂಪಾಯಿ ಎಂಬ ಲೆಕ್ಕಕ್ಕೆ ಮತ್ತೆ ಬಂದರೆ, ಗುರಿ ಅಷ್ಟೇ ಇರಲಿ. ಉಣ್ಣೆಯಿಂದ ಕುರಿಗಾಹಿ ಶ್ರೀಮಂತನಾಗುತ್ತಾನೆ ಎಂದು ಹೇಳುವುದು ಸುಳ್ಳು ಭರವಸೆ. ಕತ್ತರಿಸುವ ಕೂಲಿ ಉಣ್ಣೆಯಿಂದಲೇ ಹುಟ್ಟಿದರೆ ಉಣ್ಣೆಯ ಕುರಿಯನ್ನು ಬಿಡಲು ಇರುವ ಮುಖ್ಯ ಕಾರಣಗಳಲ್ಲಿ ಒಂದು ಹೋಗುತ್ತದೆ. ಕಿಲೊಗೆ 10 ರೂಪಾಯಿಯ ಬದಲು 60 ಕೊಟ್ಟರೂ ಒಂದು ಕಂಬಳಿಯ ಮೇಲೆ ಬೀಳುವ ಹೆಚ್ಚಿನ ಹೊರೆ 175 ರೂಪಾಯಿ ಮಾತ್ರ. ಕಂಬಳಿಯ ಬೆಲೆಯಲ್ಲಿ ದೊಡ್ಡ ಪಾಲು ಕೂಲಿಯದು, ಉಣ್ಣೆಯದಲ್ಲ.

ಮುಂದೇನಾಗಬಹುದು

ಈಗಿರುವಂತೆಯೇ ಬಿಟ್ಟರೆ ಟಗರಿನ ಆಯ್ಕೆಯಿಂದಲೇ ಕರಿ ಡೆಕ್ಕನಿ ಕರಗುತ್ತದೆ. ನಡೆಯಲಾರದ ತಳಿಗಳು ಹೆಚ್ಚಾದಂತೆ ಕೊಟ್ಟಿಗೆ ಸಾಕಣೆ ಬೆಳೆಯುತ್ತದೆ, ವಲಸೆ ಹಿಂಡುಗಳು ಇಳಿಯುತ್ತವೆ. ಸುಗ್ಗಿಯ ನಂತರ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುತ್ತಿದ್ದ ಒಣಭೂಮಿ ರೈತ ಆ ಖರ್ಚನ್ನು ಅಂಗಡಿಗೆ ಕಟ್ಟಬೇಕಾಗುತ್ತದೆ. ಕಂಬಳಿ ನೇಯುವವರು ಹೊರಗಿನ ನೂಲಿಗೆ ಪೂರ್ತಿ ಜೋತುಬೀಳುತ್ತಾರೆ.

2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೇ ಜಾನುವಾರು ಗಣತಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರ ಹಿಂಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅದರಲ್ಲಿ ಒಟ್ಟು ಕುರಿಗಳ ಸಂಖ್ಯೆಗಿಂತ ತಳಿವಾರು ಪಟ್ಟಿಯನ್ನು ನೋಡಬೇಕು. ಡೆಕ್ಕನಿ ಎಲ್ಲೆಲ್ಲಿ ಉಳಿದಿದೆ ಎಂಬುದು ಗೊತ್ತಾದರೆ ತೊಟ್ಟಿ ಮತ್ತು ಹಿಂಜುವ ಯಂತ್ರ ಎಲ್ಲಿರಬೇಕು ಎಂಬುದೂ ಗೊತ್ತಾಗುತ್ತದೆ. ಕೇಂದ್ರದ ಸಮಗ್ರ ಉಣ್ಣೆ ಅಭಿವೃದ್ಧಿ ಕಾರ್ಯಕ್ರಮಕ್ಕೆ 2021-22ರಿಂದ 2025-26ರವರೆಗೆ ಇಟ್ಟದ್ದು ಇಡೀ ದೇಶಕ್ಕೆ 126 ಕೋಟಿ ರೂಪಾಯಿ. ಅದರ ಮುಂದಿನ ಕಂತಿನಲ್ಲಿ ದಖನ್ನಿನ ಒರಟು ಉಣ್ಣೆಗೆಂದೇ ಪ್ರತ್ಯೇಕ ಪಾಲು ಕೇಳುವುದು ರಾಜ್ಯದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಕೆಲಸ. ಹಾಸ್ಟೆಲ್, ಆಸ್ಪತ್ರೆ, ಜೈಲುಗಳ ಹೊದಿಕೆಯ ಟೆಂಡರಿನಲ್ಲಿ ಬಣ್ಣವೂ ನೇಯ್ಗೆಯೂ ಒಂದೇ ಸಮ ಇರಬೇಕೆಂಬ ಷರತ್ತು ಬಿದ್ದರೆ ಕೈಮಗ್ಗದ ಕಂಬಳಿ ಬಾಗಿಲಲ್ಲೇ ಹೊರಗುಳಿಯುತ್ತದೆ. ಅದರ ಜಾಗದಲ್ಲಿ ಇಂತಿಷ್ಟು ತೂಕ, ಇಂತಿಷ್ಟು ಪಾಲು ಸ್ಥಳೀಯ ಉಣ್ಣೆ ಎಂದು ಬರೆದರೆ ಸಾಕು. ಉಣ್ಣೆ ಹೌದೋ ಅಲ್ಲವೋ ಎಂದು ನೋಡಲು ಪ್ರಯೋಗಾಲಯದ ವರದಿಗೆ ಕಾಯಬೇಕಿಲ್ಲ. ಅಂಚಿನ ಒಂದು ನೂಲು ಕಿತ್ತು ಬೆಂಕಿ ತಾಗಿಸಿದರೆ ಉಣ್ಣೆ ಸುಟ್ಟ ಕೂದಲ ವಾಸನೆ ಕೊಟ್ಟು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.